ಅರ್ಧ ಬಟ್ಟೆಯ ಸಂಡಿಗೆ

ಆಗ ಕೊಟ್ಟೂರಿನಲ್ಲಿ ಬೇಸಿಗೆ ಬಂತೆಂದರೆ ಮಾಳಿಗೆ ಮಾಳಿಗೆಗೂ ಸಂಡಿಗೆಯ ವಾಸನೆ. ಬೆಂದ ಹಿಟ್ಟು, ಜೀರಿಗೆ, ಹಸಿಮೆಣಸಿನಕಾಯಿ. ಅರೆಒಣಗಿದ್ದನ್ನು ಕದ್ದು ತಿಂದು ಕಾಗೆಯ ಮೇಲೆ ಹಾಕುವುದೇ ನಮ್ಮ ರಜೆಯ ಕಸುಬು. ತೊಂಬತ್ತರ ದಶಕದ ಅಂಥ ಒಂದು ಬೇಸಿಗೆಯನ್ನು ನೆನೆದರೆ ಮಾತ್ರ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಮ್ಮ ಮೇಲಿನ ಕೋಣೆಯಲ್ಲಿ ಅಪ್ಪನ ಗೆಳೆಯರೊಬ್ಬರಿದ್ದರು. ಮದ್ರಾಸಿನಲ್ಲಿ ಇಬ್ಬರೂ ಕೂಡಿ ಚಿತ್ರಕಲೆ ಕಲಿತವರು. ಅಪ್ಪ ಶಾಲೆಯ ಮಕ್ಕಳಿಗೆ ಕಮಲ, ಹಂಸ ಬಿಡಿಸಲು ಕಲಿಸುತ್ತ ಉಳಿದ. ತಮಿಳರಾದ ಅವರು ತಮ್ಮ ಲಂಕೆಗೆ ಮರಳಿ ದೊಡ್ಡ ಹೆಸರು ಮಾಡಿದರು. ಅಲ್ಲಿಯ ಗಲಭೆಯಲ್ಲಿ ಮನೆ ಸುಟ್ಟುಹೋದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಅವರ ಹಳೆಯ ಚಿತ್ರಗಳ ಫೋಟೊಗಳಲ್ಲಿ ಕೆಂಪು, ನೀಲಿ ಉಕ್ಕುತ್ತಿದ್ದವು. ನಮ್ಮೂರಿನಲ್ಲಿ ಬಣ್ಣಗಳು ಒಂದೊಂದಾಗಿ ಅವರನ್ನು ಬಿಟ್ಟುಹೋದವು. ಕಡೆಗೆ ಚಿತ್ರ ಬಿಡಿಸುವ ಬಟ್ಟೆಗೆ ಬರೀ ಬಿಳಿ ಬಳಿದು ದಿನಗಟ್ಟಲೆ ನೋಡುತ್ತ ಕೂರುತ್ತಿದ್ದರು.

"ಲಂಕಿ ಮಾಮ ಸುಣ್ಣ ಹೊಡ್ಯಾಕ ಹತ್ಯಾನ" ಎಂದು ನಾವು ಹುಡುಗರು ನಗುತ್ತಿದ್ದೆವು.

ಒಂದು ನಸುಕಿನಲ್ಲಿ ಅವ್ವ ಹಿಟ್ಟಿನ ಪಾತ್ರೆ ಹಿಡಿದು ಮಾಳಿಗೆ ಹತ್ತಿದಳು. ನಾಲ್ಕು ಮೂಲೆಗೆ ಕಲ್ಲಿಟ್ಟ ಬಿಳಿ ಬಟ್ಟೆ ಹಾಸಿತ್ತು. ಅಜ್ಜಿ ಹಾಸಿರಬೇಕೆಂದುಕೊಂಡು ಚಮಚದಿಂದ ಸಾಲುಸಾಲಾಗಿ ಸಂಡಿಗೆ ಹಾಕಿದಳು. ಅರ್ಧ ಬಟ್ಟೆಗೆ ಹಿಟ್ಟು ಮುಗಿಯಿತು.

ಅದು ಮಾಮ ಒಣಗಲು ಬಿಟ್ಟಿದ್ದ ಚಿತ್ರ ಎಂದು ಗೊತ್ತಾದದ್ದು ಸಂಜೆ. ಕಿತ್ತರೆ ಸಂಡಿಗೆಯ ಬೆನ್ನಿಗೆ ಬಣ್ಣ ಹತ್ತಿ ಬಂತು, ಬಟ್ಟೆಯ ಮೇಲೆ ದುಂಡು ಕಲೆಗಳು ಉಳಿದವು. ಅದೂ ಹೋಯಿತು, ಇದೂ ಹೋಯಿತು.

"ತಪ್ಪಾತ್ರಿ ಅಣ್ಣಾರ, ಸಂಡಿಗಿ ಬಟ್ಟಿ ಅನ್ಕೊಂಡೆ" ಎಂದು ಅವ್ವ ಅತ್ತೇಬಿಟ್ಟಳು.

ಮಾಮ ಆ ಸಾಲುಗಳನ್ನೇ ನೋಡಿ, ಖಾಲಿ ಅರ್ಧವನ್ನು ತೋರಿಸಿ, ಅರೆಬರೆ ಕನ್ನಡದಲ್ಲಿ, "ಅಕ್ಕಾ, ನಾಳೆ ಈ ಅರ್ಧವೂ ಹಾಕಿ" ಎಂದರು.

ಕೆಳಗೆ ಬಂದ ಅವ್ವ, "ಹೆಂಗ ಹಂಗಿಸಿದ್ರು ನೋಡ್ರಿ. ಬೈದಿದ್ರ ಪಾಡಿತ್ತು" ಎಂದಳು. ಅಪ್ಪನೂ ತಲೆ ತಗ್ಗಿಸಿ, "ದೊಡ್ಡ ಮನುಷ್ಯ. ನಕ್ಕೋಂತ ಚುಚ್ಯಾನ" ಎಂದ.

ಮರುದಿನ ಮಾಮ ಚಮಚ ಹಿಡಿದು ಮತ್ತೆ ಕೇಳಲು ಬಂದರು. ಅವ್ವ ಒಳಗೆ ಸೇರಿಕೊಂಡಳು. ಮಾಳಿಗೆ ಹತ್ತುವುದನ್ನೇ ಬಿಟ್ಟಳು. ತಪ್ಪಿಗೆ ದಂಡವೆಂಬಂತೆ ದಿನಾ ಸಂಜೆ ನನ್ನ ಕೈಯಲ್ಲಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಕಳಿಸುತ್ತಿದ್ದಳು. ಹೋದಾಗಲೆಲ್ಲ ಮಾಮ ಬೇರೆ ಬಟ್ಟೆಗಳ ಮೇಲೆ ತಾವೇ ಚಮಚದಲ್ಲಿ ದುಂಡಗೆ ಬಣ್ಣ ಹಾಕಿ, ಸರಿಬಾರದೆ ಅಳಿಸುತ್ತಿದ್ದರು. ಅದೂ ನಮ್ಮನ್ನು ಅಣಕಿಸಲಿಕ್ಕೇ ಎಂದು ನಾವು ಉರಿದುಕೊಂಡೆವು.

ಮರುವರ್ಷ ಅವರು ದೂರದ ದೇಶದಲ್ಲಿದ್ದ ತಮ್ಮನ ಹತ್ತಿರ ಹೊರಟರು. ಬಸ್‌ಸ್ಟ್ಯಾಂಡಿನಲ್ಲಿ ಅರ್ಧಕ್ಕೆ ಸಂಡಿಗೆಯ ಕಲೆಯಿದ್ದ ಆ ಬಟ್ಟೆಯನ್ನು ಸುತ್ತಿ ಅವ್ವನ ಕೈಗಿಟ್ಟು, ಅಪ್ಪನಿಗೆ ತಮಿಳಿನಲ್ಲಿ ಏನೋ ಹೇಳಿದರು. ಅಪ್ಪನ ಮುಖ ಸಣ್ಣದಾಯಿತು. ಬಸ್ಸು ಹೋದ ಮೇಲೆ ಹೇಳಿದ:

"ಅವನ ತಾಯಿನೂ ಮಾಳಿಗಿ ಮ್ಯಾಲೆ ಹಿಂಗ ಹಾಕ್ತಿದ್ದಳಂತ. ಮನಿ ಸುಟ್ಟಾಗ ಆಕಿನೂ ಹೋದಳಂತ. ಆಕಿ ಕೈ ನಿನ್ನ ಸಾಲಿನಾಗ ಕಂಡಿತಂತ. ಅದಕ್ಕ ಬೇಡಿದ್ದಂತ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಳಿತಳು. ಬೇಡಿದ್ದನ್ನು ಹಂಗಿಸಿದ್ದೆಂದು ತಿಳಿದ ಮನೆ ನಮ್ಮದು.

ಈಗ ಊರಿನಲ್ಲಿ ಮಣ್ಣಿನ ಮಾಳಿಗೆಗಳಿಲ್ಲ. ಸಂಡಿಗೆ ಪಾಕೀಟಿನಲ್ಲಿ ಬರುತ್ತದೆ. ಮಾಮನ ಸುದ್ದಿ ಮತ್ತೆ ಬರಲಿಲ್ಲ. ಹೋದ ಬೇಸಿಗೆಯಲ್ಲಿ ಅವ್ವ ಹಿಟ್ಟು ಬೇಯಿಸಿ, ಅಟ್ಟದ ಮೇಲಿನ ಆ ಬಟ್ಟೆಯನ್ನು ತರಿಸಿ ತಾರಸಿಯ ಮೇಲೆ ಹಾಸಿಸಿದಳು. ನಾಲ್ಕು ಮೂಲೆಗೆ ನಾನೇ ಕಲ್ಲಿಟ್ಟೆ. ಖಾಲಿ ಅರ್ಧದ ಮುಂದೆ ಅವಳು ಚಮಚ ಹಿಡಿದು ಕುಳಿತಳು.

"ಈಗ ಹಾಕಿದ್ರ ನೋಡಾಕ ಅವ್ರೆಲ್ಲಿ ಅದಾರ?" ಎಂದು ಚಮಚವನ್ನು ಪಾತ್ರೆಗೆ ಬಿಟ್ಟಳು.

ನಾನು ಕಲ್ಲು ತೆಗೆದು ಬಟ್ಟೆ ಸುತ್ತಿದೆ.