ಎರಡನೇ ಮಿಸ್ಡ್ ಕಾಲ್

ಹೋದ ವರ್ಷ ಚಳಿ ಶುರುವಾಗುವ ಹೊತ್ತಿಗೆ ನಾನು ಹೆಗ್ಗಡದೇವನಕೋಟೆಯ ನಮ್ಮ ಮನೆಯ ಊಟದ ಮೇಜನ್ನೇ ಆಫೀಸು ಮಾಡಿಕೊಂಡಿದ್ದೆ. ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ಕೆಲಸ ಮಾಡುವ ಒಂದು ಸಂಸ್ಥೆಯ ಆನೆ ಎಚ್ಚರಿಕೆ ಪ್ರೋಗ್ರಾಂ ನೋಡಿಕೊಳ್ಳುವುದು ನನ್ನ ಹೊಣೆ. ಮದುವೆಗೆ ಮುಂಚೆ ಕಲಿತ ಕೋಡಿಂಗ್, ಕಾನ್ವೆಂಟಿನ ಸಿಸ್ಟರ್‌ಗಳು ರೂಢಿಸಿದ ತಾಳ್ಮೆ, ಇಷ್ಟೇ ನನ್ನ ಬಂಡವಾಳ.

ಏರ್ಪಾಡು ಸರಳ. ಕಾಕನಕೋಟೆ ಕಡೆಯ ರಸ್ತೆಯಲ್ಲಿ ಒಂದು ಬಂಡೆಯ ಮೇಲೆ ಮಾತ್ರ ಮೊಬೈಲಿಗೆ ಚೂರು ಸಿಗ್ನಲ್. ಕಾವಲಿನ ಮಾಸ್ತಿ ಸಂಜೆ ಅದನ್ನು ಹತ್ತಿ ನಮ್ಮ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ದಾರಿ ಸಲೀಸು. ಬೆನ್ನುಬೆನ್ನಿಗೆ ಎರಡು ಕೊಟ್ಟರೆ ಆನೆ ರಸ್ತೆಗಿಳಿದಿದೆ. ಮಾತಾಡುವಷ್ಟು ಸಿಗ್ನಲ್ ಇಲ್ಲದ್ದಕ್ಕೆ ಹಾಡಿಯವರೇ ಮಾಡಿಕೊಂಡ ರೂಢಿ ಅದು. ಎರಡು ಬಂದೊಡನೆ ಪ್ರೋಗ್ರಾಂ, ಕೂಲಿ ಮುಗಿಸಿ ಜೀಪಿನಲ್ಲಿ ಮರಳುವ ಹೆಂಗಸರ ಫೋನುಗಳಿಗೆ ತಾನೇ ಕರೆ ಮಾಡಿ ಎಚ್ಚರಿಸಬೇಕು.

ಹಳೆಯ ಪ್ರೋಗ್ರಾಂ ಪದೇ ಪದೇ ನಿಲ್ಲುತ್ತಿತ್ತು. ಹೊಸದು ಬರೆಯಲು ಎಐ ಕೋಡಿಂಗ್ ಅಸಿಸ್ಟೆಂಟ್ ಕೊಳ್ಳೋಣ ಎಂದರು ಸಂಸ್ಥೆಯ ಸಂಯೋಜಕ ದಿನೇಶ್. ನಾವು ಮಾತಿನಲ್ಲಿ ಹೇಳಿದ್ದನ್ನು ಕೋಡ್ ಆಗಿ ಬರೆದುಕೊಡುವ ಸಹಾಯಕ ಅದು. ಎರಡನ್ನು ಪರೀಕ್ಷೆಗೆ ತಂದು, ಹಳೆಯ ಕೋಡ್ ಓದಿ ಹೊಸದಾಗಿ ಬರೆಯಲು ಎರಡಕ್ಕೂ ಹೇಳಿದೆ.

ಮೊದಲನೆಯದು ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಮುಗಿಸಿತು. ಅಚ್ಚುಕಟ್ಟಾದ ಕೋಡ್. ಕೋಡ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳನ್ನೂ ತಾನೇ ಬರೆದುಕೊಂಡು ಎಲ್ಲಕ್ಕೂ ಹಸಿರು ಟಿಕ್ ಹಾಕಿತ್ತು. ಎರಡನೆಯದು ನಿಂತು ನಿಂತು ಪ್ರಶ್ನೆ ಹಾಕುತ್ತಿತ್ತು. ಒಂದೇ ನಂಬರಿನಿಂದ ತಕ್ಷಣ ಮತ್ತೊಂದು ಕರೆ ಬಂದರೆ ಅದು ಕೈತಪ್ಪೋ, ಸಂಕೇತವೋ ಎಂದೂ ಕೇಳಿತು. ಸಂಕೇತ ಎಂದು ಉತ್ತರಿಸಿದೆ.

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ನಕ್ಕರು. "ಒಬ್ಳು ಬಾಯೇ ಬುಡದೆ ಕೆಲ್ಸ ಮುಗಿಸೋ ಸೊಸೆ, ಇನ್ನೊಬ್ಳು ಉಪ್ಪು ಆಕ್ಲಾ ಆಕ್ಲಾ ಅಂತ ಕೇಳ್ತಾನೇ ಇರೋಳು. ಮೊದಲ್ನೇಳ್ನೇ ಇಟ್ಕೊ ಕಣವ್ವ."

ದಿನೇಶರದೂ ಅದೇ ಮಾತು. "ಇವತ್ತೇ ಹಾಕಿಬಿಡಿ ಮೇಡಂ." ಒಪ್ಪಿದೆ. ಆದರೆ ಒಂದು ಸಂಜೆಯಾದರೂ ಎರಡೂ ಬರೆದ ಪ್ರೋಗ್ರಾಂಗಳು ಜೊತೆಯಲ್ಲಿ ಓಡಲಿ ಎಂದೆ. ಫೋನ್ ಲೈನು ಎಡಭಾಗದ ಮೊದಲನೆಯದಕ್ಕೆ. ಎರಡನೆಯದು ನನ್ನ ಸ್ಕ್ರೀನಿನ ಬಲಭಾಗದಲ್ಲಿ ಸುಮ್ಮನೆ ತೋರಿಸುತ್ತಿರಲಿ.

ಸಂಜೆ, ಕೂಲಿ ಗುಂಪಿನ ಬೊಮ್ಮಿ ಅಂತರಸಂತೆಯಿಂದ ಫೋನ್ ಮಾಡಿದಳು. "ಹೊಂಟ್ವಿ ಕಣಕ್ಕ." ಅಲ್ಲಿಂದ ಸ್ವಲ್ಪ ದೂರಕ್ಕೆ ಒಂದು ತಿರುವು, ಅದನ್ನು ದಾಟಿದರೆ ಅವರಿಗೂ ಸಿಗ್ನಲ್ ಇಲ್ಲ. ಜೀಪಿಗೆ ಮೇಲೆ ಹೊದಿಕೆಯೂ ಇಲ್ಲ.

ಮಾಸ್ತಿಯ ಕರೆ ಬಂತು. ಎಡಕ್ಕೂ ಬಲಕ್ಕೂ ಹಸಿರು. ಮರುಗಳಿಗೆಯಲ್ಲಿ ಇನ್ನೊಂದು. ಬಲಭಾಗ ಕೆಂಪಾಯಿತು. ಎಡಭಾಗ ಹಸಿರಾಗಿಯೇ ಉಳಿಯಿತು. ಅದರ ಕೆಳಗೆ ಬೂದುಬಣ್ಣದ ಸಣ್ಣ ಅಕ್ಷರ: ಪುನರಾವರ್ತಿತ ಕರೆ, ಕೈಬಿಡಲಾಗಿದೆ.

ಎಚ್ಚರಿಕೆಯ ಕರೆ ಯಾರಿಗೂ ಹೋಗಲಿಲ್ಲ. ನಾನೇ ಜೀಪಿನ ಡ್ರೈವರ್ ಶಿವನಿಗೆ ಫೋನ್ ಮಾಡಿದೆ. ರಿಂಗಾಗುತ್ತಿದೆ, ಎತ್ತುತ್ತಿಲ್ಲ. ಬೊಮ್ಮಿಯದು ಮೊದಲು ತಗಲಲೇ ಇಲ್ಲ. ಮತ್ತೆ ಒತ್ತಿದೆ.

"ಏನಕ್ಕ? ಜೋರಾಗ್ ಯೋಳಿ, ಗಾಳಿ!"

"ಎರಡು ಕಾಲ್ ಬಂತು ಬೊಮ್ಮಿ! ಜೀಪು ನಿಲ್ಸು!"

"ಲೇ ಸಿವ, ನಿಲ್ಸ್ಲಾ ಗಾಡಿಯ! ನಿಲ್ಸ್ಲಾ ಅಂದ್ರೆ!"

ಕರೆ ಕಡಿದುಹೋಯಿತು. ಅತ್ತೆಯ ಬೆರಳುಗಳು ಅರ್ಧ ಸುಲಿದ ಅವರೆಯ ಮೇಲೆ ನಿಂತಿದ್ದವು. ಕುಕ್ಕರ್ ಕೂಗಿದ್ದಕ್ಕೆ ಇಬ್ಬರೂ ಬೆಚ್ಚಿದೆವು.

ಆಮೇಲೆ ಫೋನು ಬಂತು. ಬೊಮ್ಮಿಯದು ಪಿಸುಮಾತು. "ತಿರುವ್ನಲ್ಲೇ ಬಿದಿರು ಮುರೀತಾ ಅವೆ ಅಕ್ಕ. ಮರೀನೂ ಐತೆ. ಹಿಂದ್ಕ್ ಬಂದ್ಬುಟ್ಟೋ." ಒಂದು ಉಸಿರು ಬಿಟ್ಟು, "ನಿಮ್ ಮಿಸಿನ್ ಯಾಕ್ ಕೂಗ್ಲಿಲ್ಲ? ನಿದ್ದೆ ಹತ್ತಿತ್ತಾ?"

ಕೂಡಲೇ ಲೈನನ್ನು ಎರಡನೆಯದಕ್ಕೆ ಬದಲಿಸಿದೆ. ಆಮೇಲೆ ಮೊದಲನೆಯದನ್ನು ವಿಚಾರಿಸಿದೆ. ಕೋಡ್ ಚೊಕ್ಕಟ ಮಾಡುವಾಗ ಎರಡನೇ ಕರೆ ಗಮನಿಸುವ ಸಾಲನ್ನು ಅನಗತ್ಯವೆಂದು ತೆಗೆದೆ ಎಂದು ವಿನಯದಿಂದ ಕ್ಷಮೆ ಕೇಳಿ, ಕ್ಷಣದಲ್ಲಿ ತಿದ್ದಿಕೊಟ್ಟಿತು.

"ತಿದ್ದಿತಲ್ಲ ಮೇಡಂ. ವೇಗ ಅದರದ್ದೇ ಜಾಸ್ತಿ," ಎಂದರು ಮರುದಿನ ದಿನೇಶ್.

"ನಮ್ಮ ಕಣ್ಣಿಗೆ ಬಿದ್ದದ್ದನ್ನ ತಿದ್ದಿದೆ ಸರ್. ಕೇಳದೆ ಇನ್ನೇನೇನು ತೆಗೆದಿದೆಯೋ?"

ಕೊನೆಗೆ ಅವರೇ, ಎರಡನೆಯದನ್ನೇ ಕೊಳ್ಳಿ ಎಂದರು.

ಸಹಾಯಕ ಎಷ್ಟು ಬೇಗ ಮುಗಿಸಿತು ಎಂಬುದಕ್ಕಿಂತ ಎಲ್ಲಿ ನಿಂತು ಕೇಳಿತು ಎಂಬುದನ್ನು ಮೊದಲು ನೋಡಬೇಕು. ಆ ಕೆಲಸ ನನಗೆ ಕಲಿಸಿದ್ದು ಇದನ್ನೇ. ಈಗಲೂ ಸಂಜೆ ಒಂದು ರಿಂಗ್ ಆದ ಮೇಲೆ ನಾನೂ ಅತ್ತೆಯೂ ಮಾತು ನಿಲ್ಲಿಸಿ ಕಾಯುತ್ತೇವೆ. ಇನ್ನೊಂದು ಬರಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಸಾರಿಗೆ ಒಗ್ಗರಣೆ.