ಶಾಂತವ್ವನ ಕಾಲಿನ ಅಳತೆ

ಮೊನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ನಮ್ಮ ಶಾಲೆಯ ವಿಜ್ಞಾನದ ಟೀಚರ್ ಸವಿತಾ ನನ್ನ ಬುತ್ತಿಯ ಪಕ್ಕ ತನ್ನ ಫೋನು ಇಟ್ಟು, "ಅಕ್ಕಾ, ಇದ್ರಾಗ ಯಾವ್ದು ತಗೊಳ್ಳಲಿ ಹೇಳ್ರಿ" ಎಂದಳು. ರಜೆಯಲ್ಲಿ ಅವಳೂ ಗಂಡನೂ ಸಿಂಗಾಪುರಕ್ಕೆ ಹೊರಟಿದ್ದಾರೆ. ಫೋನಿನ ತುಂಬ ಬೂಟುಗಳು. ಬಿಳಿಯವು, ತಿಳಿಗುಲಾಬಿಯವು, ಅಡಿಯಲ್ಲಿ ರವೆ ಉಂಡಿಯಷ್ಟು ದಪ್ಪ ಸೋಲ್ ಇದ್ದವು. "ನಡ್ಯಾಕೂ ಹಗೂರ ಇರಬೇಕು, ಫೋಟೋದಾಗೂ ಚಂದ ಕಾಣಬೇಕು" ಎಂಬುದು ಅವಳ ಷರತ್ತು. ನನಗೆ ನಗು ಬಂತು. ಏಳು ವರ್ಷಗಳ ಹಿಂದೆ ನನ್ನ ಷರತ್ತೂ ಅಕ್ಷರಶಃ ಇದೇ ಆಗಿತ್ತು.

ನಾನು ನಗುತ್ತಿರುವುದನ್ನು ಕಂಡು ಅವಳು ಕಾರಣ ಕೇಳಿದಳು. ಬೆಲ್ ಹೊಡೆಯಲು ಹತ್ತೇ ನಿಮಿಷ ಇದ್ದುದರಿಂದ ಅವಳಿಗೆ ಅರ್ಧ ಹೇಳಿದೆ. ಪೂರ್ತಿ ನಿಮಗೆ ಹೇಳುತ್ತೇನೆ.

ಅಥಣಿಯಲ್ಲಿ ಹುಟ್ಟಿ ಬೆಳೆದವರಿಗೆ ಚಪ್ಪಲಿಯ ವಿಷಯದಲ್ಲಿ ಒಂದು ಸೊಕ್ಕೂ ಒಂದು ಸಿಟ್ಟೂ ಒಟ್ಟಿಗೇ ಇರುತ್ತವೆ. ನಮ್ಮ ಓಣಿಗಳಲ್ಲಿ ಹದ ಮಾಡಿ, ಕೊಯ್ದು, ಹೆಣೆದ ಚಪ್ಪಲಿ ದೇಶದ ತುಂಬ ಕೊಲ್ಹಾಪುರದ ಹೆಸರಿನಲ್ಲಿ ಓಡಾಡುತ್ತದೆಂಬುದು ಸಿಟ್ಟು. ಹೆಸರು ಯಾರದಾದರೇನು, ಕೈ ನಮ್ಮದಲ್ಲವೇ ಎಂಬುದು ಸೊಕ್ಕು. ನನ್ನ ಮಟ್ಟಿಗೆ ಆ ಕೈ ಶಾಂತವ್ವನದು. ನಾನು ಫ್ರಾಕು ಹಾಕುತ್ತಿದ್ದ ಕಾಲದಿಂದ ನಮ್ಮ ಮನೆಯವರಿಗೆಲ್ಲ ಅವಳ ಮನೆಯ ಚಪ್ಪಲಿ. ಗಂಡ ಅಡಿಯ ಅಟ್ಟೆ ಕೊಯ್ಯುತ್ತಿದ್ದ, ಅವಳು ಮೇಲಿನ ಪಟ್ಟಿಗೆ ಕೂದಲಿನಷ್ಟು ಸಣ್ಣ ತೊಗಲಿನ ಎಳೆಗಳಿಂದ ಜಡೆ ಹೆಣೆಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಸೊಸೆಯನ್ನು ಜೊತೆಗಿಟ್ಟುಕೊಂಡು ಎರಡನ್ನೂ ತಾನೇ ಮಾಡತೊಡಗಿದಳು.

ಕೈಕೆಲಸದವರಿಗೆ ನೆರವಾಗುವ ಒಂದು ಸಂಸ್ಥೆಯವರು ಅವಳ ಜಡೆ ನೋಡಿ ಮರುಳಾಗಿ, ಇಟಲಿಯ ಫ್ಲಾರೆನ್ಸ್ ಊರಿನ ಪ್ರದರ್ಶನಕ್ಕೆ ಅವಳನ್ನು ಕಳಿಸಲು ಹೊರಟರು. ಮೂರನೆಯ ದಿನ ಜನರೆದುರು ಕೂತು ಹೆಣೆದು ತೋರಿಸಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು. ಅವಳಿಗೆ ಕನ್ನಡ ಮರಾಠಿ ಎರಡೂ ಬರುತ್ತವೆ, ಇಂಗ್ಲಿಷ್ ಬರುವುದಿಲ್ಲ. "ನಮ್ಮ ಅಕ್ಕೋರ ಬಂದ್ರ ನಾ ಬರತೀನಿ, ಇಲ್ಲಾಂದ್ರ ಇಲ್ಲ" ಎಂದುಬಿಟ್ಟಳು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರ ಎನ್ನುತ್ತಾರೆ. ಹೀಗೆ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನಾನು, ಪುಣೆಯಿಂದಾಚೆ ಊರು ನೋಡದವಳು, ದುಭಾಷಿಯಾಗಿ ವಿಮಾನ ಹತ್ತುವುದೆಂದಾಯಿತು.

ಸಂಸ್ಥೆಯವರ ಪತ್ರದಲ್ಲಿ ಒಂದು ಸೂಚನೆ ಇತ್ತು. ಹಳೆಯ ಊರೊಳಗೆ ವಾಹನಗಳಿಗೆ ಪ್ರವೇಶ ಕಡಿಮೆ, ದಿನವೂ ಬಹಳ ನಡೆಯಬೇಕಾಗುತ್ತದೆ, ಒಳ್ಳೆಯ ಬೂಟು ತನ್ನಿ. ಅದನ್ನು ಓದಿದ ದಿನದಿಂದ ನನಗೆ ನಿದ್ದೆಯಿಲ್ಲ. ಶಾಂತವ್ವನ ಹೆಣಿಕೆಯನ್ನು ಇಂಗ್ಲಿಷಿನಲ್ಲಿ ಹೇಗೆ ವಿವರಿಸುವುದೆಂಬ ಚಿಂತೆ ಅಲ್ಲ. ಸೀರೆಗೂ ಚೂಡಿದಾರಕ್ಕೂ ಒಪ್ಪುವ ಬೂಟು ಯಾವುದೆಂಬ ಚಿಂತೆ.

ನಿಪ್ಪಾಣಿಯಲ್ಲಿ ನನ್ನ ತಂಗಿ ಇದ್ದಾಳೆ. ಅಲ್ಲಿ ದೊಡ್ಡ ಅಂಗಡಿಗಳಿವೆ ಎಂದು ಒಂದು ಭಾನುವಾರ ಶಾಂತವ್ವನನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ಅವಳ ಜೊತೆ ಪ್ರಯಾಣ ಮಾಡುವುದೇ ಒಂದು ಮಜಾ. ಬಸ್ಸಿಗೆ ಹತ್ತಿದವರ ಮುಖವನ್ನು ಅವಳು ಕೊನೆಗೆ ನೋಡುತ್ತಾಳೆ. ಚಿಕ್ಕೋಡಿಯಲ್ಲಿ ಹತ್ತಿದ ಒಬ್ಬ ಗೃಹಸ್ಥನ ಪಾದ ನೋಡಿ ನನ್ನ ಕಿವಿಯಲ್ಲಿ, "ಇವ್ರಿಗೆ ಬಲಗಡೆ ಸೊಂಟ ನೋಯಸ್ತೈತಿ ನೋಡ್ರಿ, ಹಿಮ್ಮಡ ಹೆಂಗ ಸವದೈತಿ" ಎಂದಳು. ಆತ ಕೂರುವಾಗ ಬಲಗೈಯಿಂದ ಸೊಂಟ ಹಿಡಿದುಕೊಂಡೇ ಕೂತ.

"ನೀ ನಿನ್ನ ಚಪ್ಲಿನ ಹಾಕ್ಕೊಂಡ ಬರಬೇಕವಾ. ಅವರೆಲ್ಲ ಅದನ್ನ ನೋಡಾಕ ಕಾದಾರ" ಎಂದೆ ನಾನು.

"ಅದು ನಮ್ಮ ಮಣ್ಣಿಗೆ ಚಲೋ ಅಕ್ಕೋರ. ಕಲ್ಲಿನ ಮ್ಯಾಲ ದಿನಾ ತಾಸಗಟ್ಲೆ ನಡದ್ರ ನನ್ನ ಮೊಣಕಾಲು ಹಿಡಿತಾವ. ಮಾಡಾಕಿ ನಾನ ಅದೀನಿ, ನನಗ ಗೊತ್ತಿಲ್ಲೇನ್ರಿ?"

ಅಂಗಡಿಯಲ್ಲಿ ಅವಳು ಬೂಟು ಆರಿಸಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೊದಲು ನನ್ನನ್ನು ಎರಡು ತಾಸು ಪೇಟೆ ತಿರುಗಿಸಿದಳು. ಬೆಳಿಗ್ಗೆ ಕಾಲುಗಳು ಸಣ್ಣಗಿರುತ್ತವೆ, ನಡೆದು ನಡೆದು ಸಂಜೆಗೆ ಬಾತಿರುತ್ತವೆ, ಬೂಟು ಕೊಳ್ಳುವುದಾದರೆ ಆಗಲೇ ಕೊಳ್ಳಬೇಕೆಂದು ಅವಳ ವಾದ. ಅಂಗಡಿಯವನು ತೋರಿಸಿದ ಪ್ರತಿಯೊಂದನ್ನೂ ಎರಡೂ ಕೈಯಲ್ಲಿ ಹಿಡಿದು ಮಡಚಿದಳು. ನಡುವೆ ಮಡಚಿಕೊಂಡದ್ದನ್ನು ಬದಿಗಿಟ್ಟಳು. ಬೆರಳುಗಳ ಬುಡದಲ್ಲಿ ಮಾತ್ರ ಬಾಗಿದ್ದನ್ನು ಉಳಿಸಿಕೊಂಡಳು. ತುದಿಯಲ್ಲಿ ಹೆಬ್ಬೆರಳಿನಷ್ಟು ಜಾಗ ಇದೆಯೋ ಎಂದು ಒತ್ತಿ ನೋಡಿದಳು. ಕೊನೆಗೆ ಅವಳು ಆರಿಸಿಕೊಂಡದ್ದು ಬೂದಿ ಬಣ್ಣದ, ಮುಂದೆ ಅಗಲವಾದ, ಎಮ್ಮೆಯ ಮುಖದಂಥ ಒಂದು ಜೋಡಿ.

ನಾನು ಆರಿಸಿಕೊಂಡದ್ದು ಬದನೆಕಾಯಿ ಬಣ್ಣದ್ದು. ನಯವಾದ ತೊಗಲು, ಮುಂದೆ ಸಣ್ಣಗೆ ಚೂಪು, ಪಕ್ಕದಲ್ಲಿ ಹಿತ್ತಾಳೆಯ ಪುಟ್ಟ ಬಕಲು. ಕನ್ನಡಿಯಲ್ಲಿ ನೋಡಿಕೊಂಡಾಗ ನನ್ನ ವಯಸ್ಸು ಹತ್ತು ವರ್ಷ ಕಡಿಮೆಯಾಗಿತ್ತು, ಪಾದದ ಮಟ್ಟಿಗಾದರೂ.

ಶಾಂತವ್ವ ಬಹಳ ಹೊತ್ತು ನೋಡಿದಳು. "ಚಂದ ಐತ್ರಿ, ಖರೇನ. ಆದ್ರ ಅಕ್ಕೋರ, ನಿಮ್ಮ ಕಿರುಬೆಳ್ಳ ಎಲ್ಲಿ ಹೋಗಬೇಕ್ರಿ?"

"ಹಾಕ್ಕೊಂಡ ಹಾಕ್ಕೊಂಡ ಸಡ್ಲ ಆಗ್ತೈತಿ ಬಿಡ."

"ಹಂಗಾರ ದಿನಾ ಹಾಕ್ಕೊಂಡ ಅಡ್ಡಾಡ್ರಿ. ಹೊಸಾ ಬೂಟು ಹಾಕ್ಕೊಂಡ ದೂರದ ಊರಿಗೆ ಹೋಗಬಾರ್ದು."

ಅವಳು ಹೇಳಿದಂತೆಯೇ ನಡೆದುಕೊಂಡಳು. ಮರುದಿನದಿಂದಲೇ ಇಳಕಲ್ ಸೀರೆ ತುಸು ಎತ್ತಿ ಕಟ್ಟಿ, ಬೂದಿ ಬಣ್ಣದ ಬೂಟು ಮೆಟ್ಟಿ, ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ಬೆಳಿಗ್ಗೆ ನಡೆಯತೊಡಗಿದಳು. ಓಣಿಯವರು ನಕ್ಕರು, ಕೆಲವರು ಶಾಂತವ್ವ ಮಿಲಿಟರಿ ಸೇರುತ್ತಾಳೆಂದರು. ಅವಳೂ ಅವರ ಜೊತೆ ನಕ್ಕು ಮುಂದೆ ಹೋದಳು. ನಾನು ನನ್ನ ಬದನೆಕಾಯಿಗಳನ್ನು ಧೂಳು ತಾಗೀತೆಂದು ಡಬ್ಬಿಯಿಂದ ಹೊರಗೇ ತೆಗೆಯಲಿಲ್ಲ.

ಫ್ಲಾರೆನ್ಸಿನ ಬೀದಿಗಳು ಕಲ್ಲಿನವು. ನುಣ್ಣಗೆ ಸವೆದ, ಏರು ತಗ್ಗಿನ ದೊಡ್ಡ ಕಲ್ಲುಗಳು. ಮೊದಲ ದಿನ ನಾನು ಹೂವಿನ ಮೇಲೆ ನಡೆದಂತೆ ನಡೆದೆ, ಸಿಕ್ಕ ಸೇತುವೆಗಳ ಮೇಲೆಲ್ಲ ಫೋಟೋ ತೆಗೆಸಿಕೊಂಡೆ. ಎರಡನೆಯ ದಿನ ಮಧ್ಯಾಹ್ನಕ್ಕೆ ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆಗಳೆದ್ದು ಒಡೆದಿದ್ದವು, ಕಿರುಬೆರಳುಗಳು ಟೊಮೆಟೊ ಆಗಿದ್ದವು. ಒಂದು ಚರ್ಚಿನ ಮೆಟ್ಟಿಲ ಮೇಲೆ ಕೂತು ಬೂಟು ಕಳಚಿದವಳಿಗೆ ಮತ್ತೆ ಹಾಕಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ನೋವಿಗಿಂತ ಹೆದರಿಕೆ ಹೆಚ್ಚು. ನಾಳೆ ಶಾಂತವ್ವ ಜನರೆದುರು ಕೂರುವ ದಿನ. ಪ್ರದರ್ಶನದ ಜಾಗ ನಮ್ಮ ವಸತಿಯಿಂದ ಅರ್ಧ ತಾಸಿನ ದಾರಿ. ಅವಳ ಬಾಯಿಗೆ ಬಾಯಾಗಲು ಬಂದ ನಾನು ಹೆಜ್ಜೆ ಇಡಲಾಗದೆ ಕೂತಿದ್ದೆ.

ಅವಳು ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ನನ್ನ ಪಾದವನ್ನು ಮಡಿಲಿಗೆ ಎಳೆದುಕೊಂಡು ನೋಡಿ, ಬಾಟಲಿಯ ನೀರಿನಿಂದ ತೊಳೆದು, ಕರವಸ್ತ್ರ ಹರಿದು ಕಟ್ಟಿದಳು. ಆಮೇಲೆ, "ಬರಾಗ ಹಿಂದಿನ ಸಂದಿ ಓಣ್ಯಾಗ ಒಬ್ಬಾತನ ಅಂಗಡಿ ಕಂಡೀನಿ. ಒಳಗ ಕೂತು ತೊಗಲು ಕೊಯ್ಯಾಕತ್ತಿದ್ದ. ಏಳ್ರಿ, ಅಲ್ಲಿಗೆ ಹೋಗೂಣು" ಎಂದು ತನ್ನ ಭುಜ ಕೊಟ್ಟಳು. ಅವಳ ಮೇಲೆ ಭಾರ ಹಾಕಿ, ಬರಿಗಾಲಲ್ಲಿ ಕುಂಟುತ್ತ ಹೋದೆ.

ಅದು ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಂಗಡಿ. ಒಳಗೆ ಬೋಳುತಲೆಯ ಒಬ್ಬ ಮುದುಕ, ಎದೆಗೆ ತೊಗಲಿನ ಹೊದಿಕೆ ಕಟ್ಟಿಕೊಂಡು ಕೂತಿದ್ದ. ಅವನಿಗೆ ಮುರುಕು ಇಂಗ್ಲಿಷ್ ಬರುತ್ತಿತ್ತು. ನನ್ನ ಬೂಟು ನೋಡಿ, ನನ್ನ ಕಾಲು ನೋಡಿ, ಶಾಂತವ್ವ ನಿಪ್ಪಾಣಿಯಲ್ಲಿ ನೋಡಿದಂತೆಯೇ ನೋಡಿದ. ಬೂಟುಗಳ ಒಳಗೆ ಅದೇನೋ ಹಚ್ಚಿ, ಕಟ್ಟಿಗೆಯ ಪಾದಗಳನ್ನು ತುರುಕಿ, ತೊಗಲು ಹಿಗ್ಗಲೆಂದು ತಿರುಪು ಬಿಗಿದು ಇಟ್ಟ. ಒಂದು ತಾಸು ಕಾಯಬೇಕೆಂದ.

ಆ ತಾಸಿನಲ್ಲಿ ಅವನ ಕಣ್ಣು ಶಾಂತವ್ವನ ಚೀಲದಿಂದ ಇಣುಕುತ್ತಿದ್ದ ಚಪ್ಪಲಿಯ ಮೇಲೆ ಬಿತ್ತು. ತೆಗೆದುಕೊಂಡು, ಕನ್ನಡಕ ಏರಿಸಿ, ಜಡೆಯ ಎಳೆಗಳನ್ನು ಉಗುರಿನಿಂದ ಎಣಿಸಿದ. ಮಾಡಿದ್ದು ಯಾರೆಂದು ಕೈಸನ್ನೆಯಲ್ಲೇ ಕೇಳಿದ. ಶಾಂತವ್ವ ತನ್ನ ಎರಡೂ ಹಸ್ತಗಳನ್ನು ಅವನೆದುರು ಚಾಚಿದಳು. ಅವನು ತನ್ನವನ್ನು ಚಾಚಿದ. ಇಬ್ಬರ ಬಲಗೈ ಹೆಬ್ಬೆರಳಿನಲ್ಲೂ ಒಂದೇ ಜಾಗದಲ್ಲಿ ಜಡ್ಡುಗಟ್ಟಿತ್ತು.

ಮುದುಕ ಎದ್ದ. ತನ್ನ ಒಂದೇ ಒಂದು ಕುರ್ಚಿಯನ್ನು ಒರೆಸಿ ಅವಳನ್ನು ಕೂರಿಸಿದ. ಅವಳ ಬೂಟಿನ ಸೋಲ್ ತಿರುವಿ ನೋಡಿ, ಎಡಗಡೆ ಹೆಚ್ಚು ಸವೆದಿದೆ, ಮೊಣಕಾಲು ನೋಯುತ್ತದಲ್ಲವೇ ಎಂದು ನನ್ನ ಮೂಲಕ ಕೇಳಿದ. ಒಳಗೆ ಹಾಕಲು ಒಂದು ತೊಗಲಿನ ಹಾಸು ಕೊಯ್ದು ಕೊಡುತ್ತೇನೆಂದ. ನೆಲದ ಮೇಲೆ ಕಾಗದ ಹಾಸಿ, ಎರಡೂ ಮೊಣಕಾಲೂರಿ ಕೂತು, ಅವಳ ಪಾದಕ್ಕೆ ಕೈ ಚಾಚಿದ.

ಶಾಂತವ್ವ ಕೆಂಡ ತಾಗಿದವಳಂತೆ ಕಾಲು ಹಿಂದಕ್ಕೆಳೆದುಕೊಂಡಳು. "ಬ್ಯಾಡಂತ ಹೇಳ್ರಿ ಅಕ್ಕೋರ. ಹಿರ್ಯಾರದಾರ. ನನ್ನ ಕಾಲು ಮುಟ್ಟಬಾರ್ದು. ನಾನ ಅಳತಿ ತಗೊಂಡ ಕೊಡತೀನಿ."

ನಾನು ಹೇಳಿದೆ. ಅವನು ಏಳಲಿಲ್ಲ. "ಐವತ್ತು ವರ್ಷದಿಂದ ನಾನು ಮಾಡುವುದು ಇದೇ ಕೆಲಸ ಎಂದು ಅವರಿಗೆ ಹೇಳಿ" ಎಂದ.

"ನಾನೂ ಅದನ್ನ ಮಾಡೀನ್ರಿ" ಎಂದಳು ಅವಳು, ನನಗೋ ಅವನಿಗೋ ತಿಳಿಯಲಿಲ್ಲ. ಧ್ವನಿ ಸಣ್ಣಗಾಗಿತ್ತು. ಆಮೇಲೆ ಪಾದವನ್ನು ನಿಧಾನವಾಗಿ ಮುಂದೆ ಇಟ್ಟಳು. ಮುದುಕನ ಪೆನ್ಸಿಲು ಹೆಬ್ಬೆರಳಿನಿಂದ ಹೊರಟು, ಬೆರಳುಗಳ ಸಂದಿಯಲ್ಲಿ ಇಳಿದೇರಿ, ಹಿಮ್ಮಡಿ ಸುತ್ತಿ ಬಂತು. ಅವಳು ಅವನ ಬೋಳುತಲೆಯನ್ನೇ ನೋಡುತ್ತಿದ್ದಳು. ಕುರ್ಚಿಯ ತುದಿಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಅರವತ್ತಕ್ಕ ಬಂದೀನಿ ಅಕ್ಕೋರ," ಎಂದಳು, "ನನ್ನ ಕಾಲಿನ ಅಳತಿ ಯಾರೂ ತಗೊಂಡಿದ್ದಿಲ್ಲ."

"ನಿಮ್ಮ ಮನಿಯವ್ರು?"

"ಅವ್ರು ಮಾಡಿ ಕೊಡ್ತಿದ್ರು. ಉಳದ ತೊಗಲಾಗ, ಅಂದಾಜಿನ್ಯಾಗ."

ನಾಲ್ಕು ವರ್ಷದ ಹುಡುಗಿಯಾಗಿದ್ದಾಗಿನಿಂದ ಅವಳ ಮನೆಯ ಬಾಗಿಲಲ್ಲಿ ನಿಂತು, ಒಂದು ಕೈಯಿಂದ ಚೌಕಟ್ಟು ಹಿಡಿದು, ನೆಲದ ಮೇಲಿನ ಕಾಗದಕ್ಕೆ ಕಾಲು ಚಾಚಿದ್ದೇನೆ. ಅವಳು ಬಾಗಿ ಗೆರೆ ಎಳೆದಿದ್ದಾಳೆ. ಗೆರೆ ಮುಗಿಯುವ ತನಕ ನಾನು ಸಾಮಾನ್ಯವಾಗಿ ರಸ್ತೆಯ ಕಡೆ ನೋಡುತ್ತಿದ್ದೆ.

ಹಾಸು ತಯಾರಾಯಿತು. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದ ಶಾಂತವ್ವ ಹಿಂದಿರುಗಿ ಬಂದು, ಮುದುಕನ ಹೆಗಲು ಒತ್ತಿ ಅದೇ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಅವನ ಪೆನ್ಸಿಲನ್ನೇ ಕಿತ್ತುಕೊಂಡಳು. ಅವನಿಗೂ ಸಂಕೋಚವಾಯಿತು. ಕಾಲುಚೀಲದ ತೂತನ್ನು ಮುಚ್ಚಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಊರಿಗೆ ಮರಳಿದ ತಿಂಗಳೊಳಗೆ ಆ ಅಳತೆಯ ಒಂದು ಜೋಡಿ ಅಂಚೆಯಲ್ಲಿ ಹೋಯಿತು.

ಮರುದಿನದ ಕಾರ್ಯಕ್ರಮಕ್ಕೆ ನಾನು ಹಿಗ್ಗಿದ ಬೂಟಿನಲ್ಲಿ ಮೆಲ್ಲಗೆ ನಡೆದೇ ಹೋದೆ. ವ್ಯವಸ್ಥಾಪಕಿ ಶಾಂತವ್ವನ ಬೂಟು ನೋಡಿ ಮುಖ ಸಣ್ಣಗೆ ಮಾಡಿ, ಫೋಟೋಕ್ಕೆ ಚಪ್ಪಲಿ ಹಾಕಿಕೊಳ್ಳಬಹುದೇ ಎಂದಳು. "ಫೋಟೋಕ್ಕ ಹಾಕ್ಕೋತೀನಿ, ಆದ್ರ ಕುಂತು. ನಡ್ಯಾಕ ನನಗ ಈ ಬೂಟ ಬೇಕು ಅಂತ ಹೇಳ್ರಿ" ಎಂದಳು ಶಾಂತವ್ವ. ನಾನು ಅದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದೆ. ಜನ ನಕ್ಕರು, ಆಮೇಲೆ ಅವಳ ಬೆರಳುಗಳು ಹೆಣೆಯತೊಡಗಿದಾಗ ಸದ್ದಿಲ್ಲದೆ ನೋಡಿದರು. ಅಂದು ನನ್ನಿಂದ ಬೇಕಾದದ್ದು ಬಹಳ ಕಡಿಮೆ ಮಾತು.

ಸವಿತಾಗೆ ನಾನು ಕೊಟ್ಟ ಸಲಹೆ ಇಷ್ಟೇ. ಫೋನಿನಲ್ಲಿ ಕೊಳ್ಳಬೇಡ, ಸಂಜೆ ಅಂಗಡಿಗೆ ಹೋಗು, ಕಿರುಬೆರಳಿಗೆ ಜಾಗ ಬಿಡು, ಹೋಗುವ ಮುಂಚೆ ಹದಿನೈದು ದಿನ ಊರಲ್ಲೇ ನಡೆ. ಅವಳು ತಿಳಿಗುಲಾಬಿಯದನ್ನೇ ಕೊಳ್ಳುತ್ತಾಳೆಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು.

ಈಗ ಬೆಳಗಿನ ನಡಿಗೆಗೆ ಶಾಂತವ್ವನ ಜೊತೆ ನಾನೂ ಹೋಗುತ್ತೇನೆ. ನಿನ್ನೆ ಕಬ್ಬಿನ ಗದ್ದೆಯ ತಿರುವಿನಲ್ಲಿ ಉಗಾರದ ಕಡೆಯಿಂದ ಬಂದ ಒಬ್ಬ ಸಾಹುಕಾರರು ನಮ್ಮ ಪಕ್ಕದಲ್ಲಿ ಬೈಕು ನಿಲ್ಲಿಸಿದರು. ಗಾಡಿಯಿಂದ ಇಳಿಯಲಿಲ್ಲ. "ಚಲೋ ಆತು, ಇಲ್ಲೇ ಸಿಕ್ಕಿ. ಮಗಳ ಮದಿವಿಗೆ ಒಂದ ಜೋಡಿ ಬೇಕವಾ, ಅಳತಿ ತಗೋ" ಎಂದು, ಚಪ್ಪಲಿ ಬಿಟ್ಟು, ಬರಿಗಾಲನ್ನು ರಸ್ತೆಯ ಅಂಚಿಗೆ ಚಾಚಿದರು.

ಶಾಂತವ್ವ ಆ ಪಾದವನ್ನು ಒಮ್ಮೆ ನೋಡಿದಳು. ಅವಳ ಕಣ್ಣಿಗೆ ಅಳತೆ ಅಷ್ಟರಲ್ಲೇ ಸಿಕ್ಕಿರಬೇಕು.

"ಮನಿಗೆ ಬರ್ರಿ ಸಾವ್ಕಾರ್ರ," ಎಂದಳು, ನಗುತ್ತಲೇ. "ಎರಡ ಕುರ್ಚಿ ಮಾಡಿಸೀನಿ. ನೀವೂ ಕುಂದರ್ರಿ, ನಾನೂ ಕುಂದರತೀನಿ. ಚಾ ಕುಡಕೋತ ಅಳತಿ ತಗೊಳ್ಳೂಣು."

ಸಾಹುಕಾರರ ಕಾಲು ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಅವರು ಅದನ್ನು ಚಪ್ಪಲಿಯೊಳಗೆ ತೂರಿಸಿ, "ಆತು, ಸಂಜಿಕ್ಕ ಬರತೀನ್ರಿ" ಎಂದರು. ಕೊನೆಯ ಆ 'ರಿ' ಅವರಿಗೇ ಗೊತ್ತಿಲ್ಲದೆ ಬಂದಿತ್ತು. ನಾನು ಅದನ್ನು ಹೇಳಿ ನಗಬೇಕೆಂದು ತಿರುಗಿದರೆ, ಶಾಂತವ್ವ ಆಗಲೇ ಹತ್ತು ಹೆಜ್ಜೆ ಮುಂದಿದ್ದಳು.