ಅಪ್ಪನ ಮೇಲೆ ಹೊರಿಸಿದ ರಕ್ತ

ಅವ್ವನ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣವಿದೆ, ಅದು ಹುಟ್ಟಿನಿಂದಲೇ ಬಂದದ್ದು ಎಂದು ತಿಳಿದಾಗ ಅವಳಿಗೆ ಎಪ್ಪತ್ತು ದಾಟಿತ್ತು. ಮೆದುಳಿನ ಸಣ್ಣ ನಾಳಗಳು ಅಲ್ಲಲ್ಲಿ ಕಟ್ಟಿಕೊಂಡಿದ್ದವು. ಅವಳ ಮರೆವಿಗೆ ಅದೂ ಒಂದು ಕಾರಣವಿರಬಹುದು ಎಂದ ಹುಬ್ಬಳ್ಳಿಯ ಡಾಕ್ಟರು ನನ್ನ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ನನಗೂ ಇತ್ತು. ಹಿಂದಿನ ವರ್ಷ ನನ್ನ ಎಡಗಾಲು ಬಾತುಕೊಂಡದ್ದು ಅದರಿಂದಲೇ ಅಂತೆ. ಹೆದರಿಕೆಯಾಗಬೇಕಿತ್ತು, ಏನೂ ಆಗಲಿಲ್ಲ. ಹೊರಗೆ ಬಂದು ಗಿರ್ಮಿಟ್ ತಿಂದೆ.

ಇಬ್ಬರಿಗೂ ರಕ್ತ ತೆಳುವಾಗಿಸುವ ಗುಳಿಗೆ ಶುರುವಾಯಿತು. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲವೆಂದು, ನಾನು ದುಡಿಯುವ ತಾರಿಹಾಳದ ವರ್ಕ್‌ಶಾಪಿನಲ್ಲಿ ನನ್ನನ್ನು ಕಬ್ಬಿಣ ಕಡೆಯುವ ಲೇತ್ ಬಿಡಿಸಿ ಸ್ಟೋರಿನಲ್ಲಿ ಕೂರಿಸಿದರು. ಇಪ್ಪತ್ತು ವರ್ಷ ಲೇತ್ ಓಡಿಸಿದವನಿಗೆ ನೊಣ ಹೊಡೆಯುವ ಕೆಲಸ.

ಬೆಳಿಗ್ಗೆ ಅವ್ವ, ನಾನು ಒಟ್ಟಿಗೇ ಗುಳಿಗೆ ನುಂಗುತ್ತಿದ್ದೆವು.

"ನೀ ಯಾಕ ತಗೋತಿ? ನಿನಗೇನಾಗೇತಿ?" ಎಂದು ಕೇಳಿದಳು. ನಿಜ ಹೇಳಿಬಿಟ್ಟೆ.

"ನನ್ನಿಂದ ನಿನಗ ಬಂತೇನೋ?" ಎಂದು ಅತ್ತಳು. ಒಲೆಯ ಮೇಲಿನ ಹಾಲನ್ನು, ಸ್ವಂತ ತಂಗಿಯ ಹೆಸರನ್ನು ಮರೆತವಳು ಇದನ್ನು ಮಾತ್ರ ತಟ್ಟನೆ ಹಿಡಿದಳು. ಮಧ್ಯಾಹ್ನಕ್ಕೆ ಮರೆತಳು. ಮರುದಿನ ಮತ್ತೆ ಕೇಳಿ, ಮತ್ತೆ ಹೊಸದಾಗಿ ಅತ್ತಳು. ದಿನಾ ತಾಯಿಯನ್ನು ಅಳಿಸಲು ನಾನೇನು ಕಟುಕನೇ?

ಮೂರನೆಯ ದಿನ, "ಅಪ್ಪನ ಕಡಿಂದ ಬಂದದ್ದ ಇದು, ಯವ್ವಾ," ಎಂದೆ.

"ಗೊತ್ತಿತ್ತ ನನಗ. ಅವರ ಮನಿತನಾನ ಹಂಗ."

ಅಪ್ಪ ತೀರಿ ಹತ್ತು ವರ್ಷ. ಸತ್ತವರ ಮೇಲೆ ಹೊರಿಸುವುದು ಸುಲಭ, ಅವರ ರಕ್ತವನ್ನು ಯಾರೂ ಪರೀಕ್ಷೆಗೆ ಕಳಿಸುವುದಿಲ್ಲ. ಅವ್ವ ದಿನಾ ಗೋಡೆಯ ಮೇಲಿನ ಅವನ ಫೋಟೋಗೆ ಬೈದು, ಸಮಾಧಾನದಿಂದ ರೊಟ್ಟಿ ತಿನ್ನುತ್ತಿದ್ದಳು. ಬದುಕಿದ್ದಾಗಲೂ ಎದುರು ಮಾತಾಡಿದವನಲ್ಲ, ಪಾಪ. ಎಂಟು ತಿಂಗಳು ಹೀಗೇ ನಡೆಯಿತು. ನನಗೆ ನಾಚಿಕೆಯೂ ಆಗುತ್ತಿರಲಿಲ್ಲ.

ಈ ಶ್ರಾವಣದ ಒಂದು ಬೆಳಿಗ್ಗೆ ಅವ್ವ ಮತ್ತೆ ಕೇಳಿದಳು. ಎಂದಿನಂತೆ ಅಪ್ಪನ ಕಡೆ ಕೈ ತೋರಿಸಿದೆ. ಅವಳು ಬೈಯಲಿಲ್ಲ.

"ಅವರ್ಯಾರು?" ಎಂದಳು. ಫೋಟೋ ನೋಡಿದ ಹಾಗೆಯೇ ನನ್ನನ್ನೂ ನೋಡಿದಳು, ಗುರುತಿಲ್ಲದವರನ್ನು ನೋಡಿದಂತೆ.

ಇನ್ನು ಯಾರ ಮೇಲೆ ಹಾಕಲಿ? "ನಮ್ಮವ್ವನಿಂದ ಬಂತು," ಎಂದೆ. ಅಳುತ್ತಾಳೆಂದು ಕಾದೆ.

ಅವಳು ನನ್ನ ಕೈ ಸವರಿದಳು.

"ಆಕಿಗೆ ಹೇಳಬ್ಯಾಡ್ರಿ. ಭಾಳ ಸಂಕಟ ಪಡ್ತಾಳ."

"ಹೇಳೂದಿಲ್ಲ," ಎಂದೆ.